ಕುಂಕುಮ ಹಚ್ಚಿದ ಕತ್ತಿ

ನನ್ನೊಂದಿಗೆ ಒಂದೇ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದ ಗೆಳೆಯರೊಬ್ಬರು ತಮ್ಮ ಮಗಳನ್ನು ಕೊಟ್ಟದ್ದು ಚಿಲಮತ್ತೂರಿಗೆ. ಬೆಂಗಳೂರು ದಾಟಿ, ಬಾಗೇಪಲ್ಲಿ ದಾಟಿ, ಹೆದ್ದಾರಿಯ ಕೊಡಿಕೊಂಡ ಚೆಕ್‌ಪೋಸ್ಟಿನ ಬಳಿ ಆಂಧ್ರದ ನೆಲಕ್ಕೆ ಕಾಲಿಟ್ಟರೆ ಆ ಊರು ದೂರವಿಲ್ಲ. ಕಾಸರಗೋಡಿನ ತೋಟದ ನೆರಳಿನಲ್ಲಿ ಬೆಳೆದ ಹುಡುಗಿ ಆ ಕಡಲೆಕಾಯಿ ಹೊಲಗಳ ಬಿಸಿಲಿನಲ್ಲಿ ಸಂಸಾರ ಹೂಡುವುದು ಹೇಗೆಂದು ಆಗ ನಾವು ಚಿಂತಿಸಿದ್ದುಂಟು. ಆಕೆ ಮಾತ್ರ ಮೊದಲ ಸಲ ತವರಿಗೆ ಬಂದಾಗಲೇ ನಗುತ್ತ ಹೇಳಿದ್ದಳು: "ಮಾವಾ, ಅಲ್ಲಿಯೂ ನಮ್ಮಲ್ಲಿಯ ಹಾಗೆಯೇ. ಮನೆಯೊಳಗೆ ಕನ್ನಡ, ಅಂಗಡಿಗೆ ಹೋದರೆ ತೆಲುಗು. ನಮಗೆ ಮಲಯಾಳ ಇದ್ದ ಜಾಗದಲ್ಲಿ ಅವರಿಗೆ ತೆಲುಗು, ಅಷ್ಟೇ."

ಕಳೆದ ಮಹಾನವಮಿಗೆ ಗೆಳೆಯರು ನನ್ನನ್ನೂ ಅಲ್ಲಿಗೆ ಹೊರಡಿಸಿದರು. ಆಯುಧಪೂಜೆಯ ದಿನ ನಡುಮನೆಯಲ್ಲಿ ಕುಡುಗೋಲು, ಗುದ್ದಲಿ, ನೇಗಿಲಿನ ಗುಳ, ಕೊಳವೆಬಾವಿಯ ಪಂಪಿನ ಸ್ಪಾನರುಗಳು ಎಲ್ಲವೂ ಸಾಲಾಗಿ ಕುಳಿತಿದ್ದವು. ಅಂಗಳದಲ್ಲಿ ಮೋಟಾರು ಸೈಕಲ್ಲಿಗೆ ಬಾಳೆಕಂದು ಕಟ್ಟಿತ್ತು. ಎಲ್ಲಕ್ಕಿಂತ ಮೇಲೆ, ದೇವರ ಗೂಡಿನ ಕೆಳಗಿನ ಮಣೆಯ ಮೇಲೆ, ಹಳೆಯ ರೇಷ್ಮೆಯ ಬಟ್ಟೆ ಬಿಚ್ಚಿ ಮನೆಯ ಹಿರಿಯಾಕೆ ಒಂದು ಕತ್ತಿಯನ್ನಿಟ್ಟರು. ಮೂರು ಕಡೆ ಅರಿಶಿನ, ಕುಂಕುಮ. ಹಿಡಿಯ ಬಳಿ ಒಂದು ಸೇವಂತಿಗೆ. ಅದು ನಮ್ಮ ಕಡೆಯ ದೈವದ ಭಂಡಾರದ ಕಡ್ತಲೆಯಂತೆಯೂ ಇರಲಿಲ್ಲ, ಮೈಸೂರಿನ ಕಡೆ ನೋಡಸಿಗುವ ಬಾಗಿದ ಖಡ್ಗದಂತೆಯೂ ಇರಲಿಲ್ಲ. ನೆಟ್ಟಗೆ, ಕಿರಿದಾಗಿ, ಬೆತ್ತದಂತೆ ಇತ್ತು. ಒಂದೇ ಕಡೆ ಬಾಯಿ. ಹಿತ್ತಾಳೆಯ ಹಿಡಿಗೆ ಬೆಳ್ಳಿಯ ಸಣ್ಣ ತಂತಿ ಸುತ್ತಿದ್ದರು, ಅದು ಅಲ್ಲಲ್ಲಿ ಬಿಟ್ಟಿತ್ತು. ಹಿಡಿಯ ಬುಡದಲ್ಲಿ ಕಪ್ಪೆಚಿಪ್ಪಿನ ಹಾಗೆ ಎರಡು ತಗಡು, ತುದಿಯಲ್ಲಿ ಪುಟ್ಟ ಕಲಶದಾಕಾರದ ಗುಬುಟು. ಅಲಗಿನ ಮೇಲೆ ಕಿರೀಟದ ಚಿತ್ರವೊಂದು ಸವೆದು ಉಳಿದಿತ್ತು. ಅದರ ಕೆಳಗೆ ಇಂಗ್ಲೆಂಡಿನ ದೊರೆ ಜಾರ್ಜನ ಹೆಸರಿನ ಎರಡು ಅಕ್ಷರ.

"ಇದು ನಮ್ಮ ಮಾವನೋರ ತಾತನ ಕಾಲದ್ದು ಮೇಷ್ಟ್ರೇ" ಎಂದರು ಅಜ್ಜಿ. "ಅವರ ಹಿರೀಕರು ಯಾರೋ ನಂದಿಬೆಟ್ಟದ ಜಗಳದಾಗೆ ಒಬ್ಬ ಬಿಳೀ ದೊರೇನ ಕೆಡವಿ ಕಿತ್ಕೊಂಡು ಬಂದಿದ್ದಂತೆ. ನಮ್ಮತ್ತೆ ಪೂಜೆ ಮಾಡ್ತಿದ್ರು, ನಾನೂ ಮಾಡ್ತೀನಿ."

ಊಟವಾದ ಮೇಲೆ ಜಗಲಿಯಲ್ಲಿ ಅಜ್ಜಿಯ ಮೈದುನರು ಬೇರೆಯೇ ಕಥೆ ಹೇಳಿದರು. ಕಿತ್ತುಕೊಂಡದ್ದೂ ಇಲ್ಲ, ಏನೂ ಇಲ್ಲ. ಕುಂಪಣಿಯ ದಂಡು ಶ್ರೀರಂಗಪಟ್ಟಣಕ್ಕೆ ಹೋಗುವಾಗ ಈ ಮನೆಯ ಹಿರಿಯರು ಎತ್ತುಗಳನ್ನು ಒದಗಿಸಿದ್ದರು, ಮೆಚ್ಚಿದ ದೊರೆಯೊಬ್ಬ ಸೊಂಟದಿಂದ ಬಿಚ್ಚಿ ಕೊಟ್ಟ. ಸಂಜೆ ಅಡುಗೆಮನೆಯ ಬಾಗಿಲಲ್ಲಿ ಗೆಳೆಯರ ಮಗಳು ದನಿ ತಗ್ಗಿಸಿ ಮೂರನೆಯದನ್ನು ಹೇಳಿದಳು. ಅವಳ ಗಂಡನ ಅತ್ತೆಯೊಬ್ಬರು ಹೇಳಿದ್ದಂತೆ: ಈ ಮನೆಯ ಒಬ್ಬರು ಬೆಂಗಳೂರಿನ ದಂಡಿನಲ್ಲಿ ದೊರೆಯ ಮನೆಗೆಲಸಕ್ಕಿದ್ದರು. ದೊರೆ ಜ್ವರದಲ್ಲಿ ಸತ್ತ. ಅವನ ಸಾಮಾನುಗಳ ಹರಾಜಿನಲ್ಲಿ ಇದು ಕೆಲವೇ ರೂಪಾಯಿಗೆ ಸಿಕ್ಕಿತು.

ಮರುದಿನ ಮನೆಯ ಯಜಮಾನ, ಗೆಳೆಯರ ಅಳಿಯ, ನನ್ನನ್ನು ಹೊಲದ ಕಡೆ ಕರೆದುಕೊಂಡು ಹೋದ. ಕೊಳವೆಬಾವಿ ಬತ್ತಿತ್ತು. ಹೊಸದು ಕೊರೆಸಲು ಹಣ ಬೇಕು. ಬೆಂಗಳೂರಿನ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಕತ್ತಿ ನೋಡಿ ಹೋಗಿದ್ದ. ಆತ ಹೇಳಿದ ಬೆಲೆ ಕಡಿಮೆಯದೇನಲ್ಲ. "ಅವ್ವ ಬೇಡ ಅಂತಾರೆ. ನೀವು ಓದಿದೋರು. ಮಾರಿದ್ರೆ ತಪ್ಪಾ ಮೇಷ್ಟ್ರೇ? ಕಬ್ಬಿಣ ತಾನೇ. ಕಬ್ಬಿಣಕ್ಕೆ ಪುಣ್ಯ ಇರ್ತದಾ, ಪಾಪ ಇರ್ತದಾ?"

ಕಾನೂನಿನ ಮಾತಾದರೆ ಉತ್ತರ ಸುಲಭ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ವ್ಯಾಪಾರಿಗೆ ಪರವಾನಗಿ ಇರಬೇಕು. ಇಷ್ಟನ್ನು ನಾನು ಹೇಳಿದೆ. ಆದರೆ ಅವನು ಕೇಳಿದ್ದು ಇದನ್ನಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಾಸರಗೋಡಿಗೆ ಹೋದ ಮೇಲೆ ಬರೆಯುತ್ತೇನೆ ಎಂದೆ. ತಿಂಗಳುಗಳಾದವು. ಈ ಬರಹ ಆ ಸಾಲವನ್ನು ತೀರಿಸುವ ಪ್ರಯತ್ನ.

ಮೊದಲು ಕತ್ತಿಯ ಪೂರ್ವೋತ್ತರವನ್ನು ವಿಚಾರಿಸಬೇಕಲ್ಲ. ತೆಗೆದುಕೊಂಡು ಬಂದಿದ್ದ ಫೋಟೋಗಳನ್ನು ಪುಸ್ತಕಗಳ ಚಿತ್ರಗಳೊಂದಿಗೆ ಹೋಲಿಸುತ್ತ ಕುಳಿತೆ. ಎರಡು ಚಿಪ್ಪಿನ ಆ ಹಿಡಿ, ಬೆಳ್ಳಿ ತಂತಿ, ಕಲಶದ ತುದಿ, ನೆಟ್ಟಗಿನ ಅಲಗು, ಇವೆಲ್ಲ ಬ್ರಿಟಿಷ್ ಕಾಲಾಳು ಪಡೆಯ ಅಧಿಕಾರಿಗಳಿಗೆ 1796ರಲ್ಲಿ ಗೊತ್ತುಮಾಡಿದ ಮಾದರಿಯ ಲಕ್ಷಣ. 1822ರಲ್ಲಿ ಬೇರೆ ಮಾದರಿ ಬರುವವರೆಗೆ ಇದೇ ನಡೆಯಿತು. ಸರಕಾರ ಸಿಪಾಯಿಗೆ ಬಂದೂಕು ಕೊಡುತ್ತಿತ್ತು. ಅಧಿಕಾರಿ ಮಾತ್ರ ತನ್ನ ಕತ್ತಿಯನ್ನು ತನ್ನ ಹಣದಿಂದಲೇ ಕೊಳ್ಳಬೇಕಾಗಿತ್ತು. ಅಲಗುಗಳಲ್ಲಿ ಎಷ್ಟೋ ಇಂಗ್ಲೆಂಡಿನವೂ ಅಲ್ಲ, ಜರ್ಮನಿಯ ಜೋಲಿಂಗೆನ್ ಊರಿನವು. ರಂಕೆಲ್ ಎಂಬ ವ್ಯಾಪಾರಿ ಲಂಡನ್ನಿಗೆ ತರಿಸಿ ಮಾರುತ್ತಿದ್ದ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ಕಾಲದಲ್ಲಿ ಉಕ್ಕನ್ನು ಹುಡುಕಿಕೊಂಡು ಲೋಕವೇ ನಮ್ಮ ಕಡೆ ಬರುತ್ತಿತ್ತು. ಇಂಗ್ಲಿಷಿನ 'ವುಟ್ಜ್' ಎಂಬ ಪದ ನಮ್ಮ 'ಉಕ್ಕು' ಎಂಬುದರಿಂದಲೇ ಆದದ್ದೆಂದು ಬಲ್ಲವರು ಹೇಳುತ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದರ ಬಗ್ಗೆ ಪ್ರಬಂಧವೇ ಬಂತು. 1800ರಲ್ಲಿ ಬುಕಾನನ್ ಮಧುಗಿರಿಯ ಸುತ್ತ ಉಕ್ಕು ಕಾಯಿಸುವ ಕುಲುಮೆಗಳನ್ನು ಕಂಡು ಬರೆದಿಟ್ಟ. ಆ ಮಧುಗಿರಿ ಹಿಂದೂಪುರದ ನೆರೆಯದೇ. ಅಂಥ ನೆರೆಯಲ್ಲಿರುವ ಮನೆಯ ದೇವರ ಮಣೆಗೆ ಜರ್ಮನಿಯ ಕಬ್ಬಿಣ ಬಂದು ಕುಳಿತದ್ದು ವ್ಯಾಪಾರದ ವಿಚಿತ್ರ. ಫಿರಂಗಿ ಎಂದರೆ ನಮಗೆ ತೋಪು. ಮರಾಠರಿಗೆ ಪರಂಗಿಯವರ ಅಲಗು ಕೂಡಿಸಿದ ಕತ್ತಿಗೂ ಅದೇ ಹೆಸರು. ತಂದ ಆಯುಧವನ್ನು ಬಂದವರ ಹೆಸರಿನಿಂದ ಗುರುತಿಸಿದ ನಾಡು ನಮ್ಮದು.

ಇರಲಿ. ಈ ಶೋಧದಿಂದ ನನ್ನ ಕೈಗೆ ಬಂದದ್ದು ಒಂದು ಮುಜುಗರ. ನಂದಿದುರ್ಗ ಇಂಗ್ಲಿಷರ ಕೈಗೆ ಬಿದ್ದದ್ದು 1791ರ ಅಕ್ಟೋಬರಿನಲ್ಲಿ. ಮೂರನೆಯ ಮೈಸೂರು ಯುದ್ಧ ಅದು; ಜನರಲ್ ಮೆಡೋಸ್ ರಾತ್ರಿಯ ಹೊತ್ತು ಲಗ್ಗೆ ಹಾಕಿದ; ಮೇಲಿನವರು ಬಂಡೆಗಳನ್ನು ಉರುಳಿಸಿದರು. ಅಂದು ಅಲ್ಲಿ ಸತ್ತ ಯಾವ ದೊರೆಯ ಸೊಂಟದಲ್ಲಿಯೂ 1796ರ ಕತ್ತಿ ಇರಲು ಸಾಧ್ಯವಿಲ್ಲ. ಎಂದರೆ ಅಜ್ಜಿಯ ಕಥೆ, ಮೂರರಲ್ಲಿ ಶೌರ್ಯದ ಕಥೆ, ನಿಲ್ಲುವುದಿಲ್ಲ. ಎತ್ತಿನ ಕಥೆ ನಿಲ್ಲಬಹುದು: 1799ರಲ್ಲಿ ದಂಡು ಹೋದಾಗ ಇಂಥ ಕತ್ತಿ ಚಾಲ್ತಿಯಲ್ಲಿತ್ತು. ಹರಾಜಿನ ಕಥೆ ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಸತ್ತ ಅಧಿಕಾರಿಯ ಸಾಮಾನುಗಳನ್ನು ಹರಾಜು ಹಾಕಿ ಹಣವನ್ನು ಅವನ ವಾರಸುದಾರರಿಗೆ ಕಳಿಸುವುದು ಆ ಸೈನ್ಯಗಳಲ್ಲಿ ನಡೆದುಬಂದ ಪದ್ಧತಿ. ಮನೆಯವರು ದನಿ ತಗ್ಗಿಸಿ ಹೇಳುವ ಕಥೆಯೇ ನಿಜಕ್ಕೆ ಹತ್ತಿರ ಇರುವುದು ಕತ್ತಿಯ ವಿಷಯದಲ್ಲಿ ಮಾತ್ರವೇ ಅಲ್ಲ.

ಮೂರೂ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಒಂದರಲ್ಲಿ ಮನೆಯ ಹಿರಿಯ ವೀರ, ಇನ್ನೊಂದರಲ್ಲಿ ಉಪಕಾರಿ, ಮೂರನೆಯದರಲ್ಲಿ ಬಡವನಾದರೂ ಪ್ರಾಮಾಣಿಕ. ಎತ್ತು ಒದಗಿಸಿದ ಕಥೆಯನ್ನು ಹೇಳುವಾಗ ಆ ಹಿರಿಯರ ಮುಖದಲ್ಲಿ ಸಂಕೋಚವಿರಲಿಲ್ಲ. ಆ ಎತ್ತುಗಳು ಎಳೆದ ತೋಪುಗಳು ಶ್ರೀರಂಗಪಟ್ಟಣದ ಗೋಡೆಯನ್ನು ಒಡೆದವು, ಒಳಗಿದ್ದವರು ಸಾವಿರಗಟ್ಟಲೆ ಸತ್ತರು ಎಂಬುದು ಕಥೆಯೊಳಗೆ ಬರುವುದಿಲ್ಲ. ನಾನು ಅವರನ್ನು ದೂರುತ್ತಿಲ್ಲ. ಎತ್ತು ಕೊಡದಿದ್ದರೆ ದಂಡು ಎತ್ತನ್ನೂ ಒಯ್ಯುತ್ತಿತ್ತು, ಮೇವನ್ನೂ ಒಯ್ಯುತ್ತಿತ್ತು. ಆದರೂ ಕೊಟ್ಟದ್ದು ಕೊಟ್ಟದ್ದೇ.

ಪುಸ್ತಕ ನೋಡುವಾಗ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಇನ್ನೊಂದು ವಿಷಯ. ಈ 1796ರ ಕತ್ತಿಯನ್ನು ಆ ಕಾಲದ ಅಧಿಕಾರಿಗಳೇ ಬೈದಿದ್ದಾರೆ. ಕಡಿಯಲೂ ಬಾರದು, ತಿವಿಯಲೂ ಬಾರದು, ಸುಮ್ಮನೆ ತೊಡೆಗೆ ಬಡಿಯುವ ಭಾರ ಎಂಬ ಅರ್ಥದ ದೂರುಗಳು ಸಿಗುತ್ತವೆ. ಹಾಗಾದರೆ ಅದು ಯಾಕೆ ಬೇಕಿತ್ತು? ಯುದ್ಧಭೂಮಿಯಲ್ಲಿ ಕೊಲ್ಲುತ್ತಿದ್ದದ್ದು ತೋಪು, ಬಂದೂಕು, ಬಂದೂಕಿನ ತುದಿಯ ಸನೀನು. ಅವನ್ನು ಹಿಡಿದವರು ಸಾಮಾನ್ಯ ಸಿಪಾಯಿಗಳು, ಅವರಲ್ಲಿ ಬಹಳ ಮಂದಿ ನಮ್ಮವರೇ. ಅಧಿಕಾರಿಯ ಕತ್ತಿ ಕೊಲ್ಲುವುದಕ್ಕಲ್ಲ, ತೋರಿಸುವುದಕ್ಕೆ. ಅದು ಎತ್ತಿದಾಗ ಸಾಲು ನಿಲ್ಲುತ್ತದೆ, ಇಳಿದಾಗ ಗುಂಡು ಹಾರುತ್ತದೆ, ಮುಂದಕ್ಕೆ ಚಾಚಿದಾಗ ನೂರು ಜನ ಓಡುತ್ತಾರೆ. ಅದರ ಅಲಗಿಗೆ ರಕ್ತ ಹತ್ತಬೇಕಾಗಿಯೇ ಇಲ್ಲ. ಚಿಲಮತ್ತೂರಿನ ಕತ್ತಿ ಬಹುಶಃ ಯಾರನ್ನೂ ಕೊಂದಿಲ್ಲ. ಅದೇ ಅದರ ಕಷ್ಟ.

ಯಾಕೆ ಕಷ್ಟ ಎಂದು ಓದುಗರು ಕೇಳಬಹುದು. ಕೊಲ್ಲದ ಕತ್ತಿ ಒಳ್ಳೆಯದಲ್ಲವೇ? ಇದಕ್ಕೆ ಶ್ರೀರಂಗಪಟ್ಟಣದ ಕಥೆಯನ್ನೇ ನೆನೆಯಬೇಕು.

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ ದಂಡನ್ನು ಸೋಲಿಸಿದರು. ಸೆರೆ ಸಿಕ್ಕವರಲ್ಲಿ ಡೇವಿಡ್ ಬೈರ್ಡ್ ಎಂಬ ಎತ್ತರದ ಸ್ಕಾಟಿಷ್ ಕ್ಯಾಪ್ಟನ್ ಒಬ್ಬ. ಗಾಯಗೊಂಡಿದ್ದ ಅವನನ್ನು ಶ್ರೀರಂಗಪಟ್ಟಣದ ಸೆರೆಗೆ ತಂದರು. ಬೇಡಿ ತೊಡಿಸುವ ದಿನ ಬಂದಾಗ, ಲ್ಯೂಕಾಸ್ ಎಂಬ ವಯಸ್ಸಾದ ಕ್ಯಾಪ್ಟನ್ ಅಡ್ಡ ಬಂದು, ಈ ಗಾಯಾಳುವಿನ ಬೇಡಿಯನ್ನೂ ನನಗೇ ಹಾಕಿ, ಎರಡು ಜೊತೆ ನಾನು ಹೊರುತ್ತೇನೆ ಎಂದನಂತೆ. ಲ್ಯೂಕಾಸ್ ಸೆರೆಯಲ್ಲಿಯೇ ಸತ್ತ, ಬೈರ್ಡ್ ಉಳಿದ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಮಕ್ಕಳ ಪುಸ್ತಕಗಳಲ್ಲಿ ಪದೇ ಪದೇ ಬರುವ ಕಥೆ ಇದು. ಹೇಳುತ್ತ ಹೇಳುತ್ತ ಬೆಳೆದೂ ಇರಬಹುದು. ಮೂರೂವರೆ ವರ್ಷದ ಮೇಲೆ, 1784ರ ಒಪ್ಪಂದದ ಬಳಿಕ ಬೈರ್ಡನಿಗೆ ಬಿಡುಗಡೆಯಾಯಿತು.

ಹದಿನೈದು ವರ್ಷ ಕಳೆದು 1799ರ ಮೇ 4ರ ಮಧ್ಯಾಹ್ನ ಅದೇ ಬೈರ್ಡ್, ಈಗ ಮೇಜರ್ ಜನರಲ್, ಕಾವೇರಿಯ ದಡದ ಕಂದಕದಿಂದ ಮೇಲೆದ್ದು ಕತ್ತಿ ಹಿರಿದು ದಂಡನ್ನು ಗೋಡೆಯ ಬಿರುಕಿನತ್ತ ನಡೆಸಿದ. ಸಂಜೆಯ ಹೊತ್ತಿಗೆ ಕೋಟೆ ಬಿತ್ತು. ಟಿಪ್ಪು ಹೇಗೆ ಸತ್ತನೆಂಬುದಕ್ಕೆ ಬಳಕೆಯಲ್ಲಿರುವ ವೃತ್ತಾಂತ ಹೀಗಿದೆ: ಗಾಯಗೊಂಡು ಬಿದ್ದಿದ್ದ ಆತನ ಸೊಂಟದ ಕತ್ತಿಪಟ್ಟಿಯ ಬೆಲೆಬಾಳುವ ಕೆಲಸ ಕಂಡು ಒಬ್ಬ ಸೋಲ್ಜರ್ ಅದನ್ನು ಕಿತ್ತುಕೊಳ್ಳಲು ಕೈ ಹಾಕಿದ, ಟಿಪ್ಪು ಬಿದ್ದಲ್ಲಿಂದಲೇ ಕತ್ತಿ ಬೀಸಿ ಅವನ ಮೊಣಕಾಲಿಗೆ ಗಾಯ ಮಾಡಿದ, ಆತ ಬಂದೂಕಿನಿಂದ ಹೊಡೆದ. ತಾನು ಕೊಲ್ಲುತ್ತಿರುವುದು ಯಾರನ್ನೆಂದು ಅವನಿಗೆ ತಿಳಿದಿರಲೂ ಇಲ್ಲ.

ಆ ಸೋಲ್ಜರನ ಹೆಸರು ಚರಿತ್ರೆಗೆ ಬೇಕಾಗಲಿಲ್ಲ. ಬೈರ್ಡನಿಗೆ ಸೈನ್ಯ ಟಿಪ್ಪುವಿನ ಶಯನಗೃಹದ ಕತ್ತಿಯನ್ನು ಕಾಣಿಕೆಯಾಗಿ ಕೊಟ್ಟಿತು. ದಂಡನಾಯಕ ಹ್ಯಾರಿಸನಿಗೆ ಲೂಟಿಯ ಪಾಲಾಗಿ ಒಂದು ಲಕ್ಷ ನಲವತ್ತು ಸಾವಿರ ಪೌಂಡಿಗೂ ಹೆಚ್ಚು ಸಿಕ್ಕಿತು, ಸಾಮಾನ್ಯ ಸೋಲ್ಜರಿಗೆ ಕೆಲವೇ ಪೌಂಡು. ಕೊಂದ ಕೈಗೆ ಕಡಿಮೆ, ತೋರಿಸಿದ ಕೈಗೆ ಹೆಚ್ಚು. ಮುಂದೆ ಡೇವಿಡ್ ವಿಲ್ಕಿ ಎಂಬ ಚಿತ್ರಕಾರ 1839ರಲ್ಲಿ ದೊಡ್ಡ ಚಿತ್ರ ಬರೆದ. ಬೈರ್ಡನ ವಿಧವೆ ಬರೆಯಿಸಿದ್ದು. ದೀಪದ ಬೆಳಕಿನಲ್ಲಿ ಮೇಲೆ ಬೈರ್ಡ್, ಕೆಳಗೆ ಟಿಪ್ಪುವಿನ ದೇಹ. ಬೈರ್ಡನ ಕಾಲಡಿಯಲ್ಲಿ ಕಂಬಿಯ ಜಾಲರಿ, ಅವನು ಒಮ್ಮೆ ಕೊಳೆತ ಸೆರೆಯನ್ನು ನೆನಪಿಸಲು. ಆ ಕಾಣಿಕೆಯ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನ್ಹಮ್ಸ್ ಹರಾಜಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹೋಯಿತು. ಕೋಟಿ ಬೆಲೆ ಬಂದದ್ದು ಸೋತವನ ಕತ್ತಿಗೆ. ಗೆದ್ದವನು ಕಂದಕದ ಮೇಲೆ ಹಿರಿದದ್ದಕ್ಕಲ್ಲ.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಲ್ಯೂಕಾಸನ ಕಡೆಗೆ. ಇನ್ನೊಬ್ಬನ ಕಬ್ಬಿಣವನ್ನು ತಾನು ಹೊತ್ತವನು ಅವನು. ಅಧಿಕಾರಿಯ ಕತ್ತಿಯ ಕೆಲಸ ಇದಕ್ಕೆ ತಿರುಗಾಮುರುಗಾ: ತನ್ನ ಕಬ್ಬಿಣವನ್ನು ಇನ್ನೊಬ್ಬರ ಕೈಯಿಂದ ಹೊರಿಸುವುದು. ನಮ್ಮ ಕಾವುಗಳಲ್ಲಿ ವೆಳಿಚ್ಚಪ್ಪಾಡನು ಆವೇಶ ಬಂದಾಗ ವಾಳಿನಿಂದ ತನ್ನ ಹಣೆಯನ್ನೇ ಕಡಿದುಕೊಳ್ಳುವುದನ್ನು ಮಲಯಾಳದ ಓದುಗರು ಚಿಕ್ಕಂದಿನಿಂದ ಕಂಡಿದ್ದಾರೆ. ಅದರ ಧಾರ್ಮಿಕ ಅರ್ಥ ಏನೇ ಇರಲಿ, ಹಿಡಿದವನ ರಕ್ತವನ್ನೇ ಮೊದಲು ಕಾಣುವ ಕತ್ತಿ ಅದು. ಲೋಕದಲ್ಲಿ ಅಂಥವು ಕಡಿಮೆ.

ಹಿಂದಿರುಗುವ ಮುನ್ನ ಲೇಪಾಕ್ಷಿಗೆ ಹೋಗಿದ್ದೆವು. ಚಿಲಮತ್ತೂರಿನಿಂದ ಸಮೀಪ. ಅಲ್ಲಿನ ಶಾಸನಗಳು ಬಹುಪಾಲು ಕನ್ನಡದವೆಂಬುದನ್ನು ನಮ್ಮ ಗೆಳೆಯರು ಅಳಿಯನಿಗೆ ಮೂರು ಸಲ ಹೇಳಿದರು. ಅಚ್ಯುತರಾಯನ ಕಾಲದಲ್ಲಿ ವಿರುಪಣ್ಣ, ವೀರಣ್ಣ ಎಂಬ ಸಹೋದರರು ಕಟ್ಟಿಸಿದ ವೀರಭದ್ರನ ಗುಡಿ. ವಿರುಪಣ್ಣನ ಬಗ್ಗೆ ಜನ ಹೇಳುವ ಕಥೆ ಎಲ್ಲರಿಗೂ ಗೊತ್ತು. ಅರಸನ ಬೊಕ್ಕಸದ ಹಣವನ್ನು ಅಪ್ಪಣೆಯಿಲ್ಲದೆ ಗುಡಿಗೆ ಸುರಿದನೆಂದು ಚಾಡಿ ಹೋಯಿತು. ಕಣ್ಣು ಕೀಳಿಸಲು ಆಜ್ಞೆಯಾಯಿತು. ಅದು ತಲುಪುವ ಮೊದಲೇ ವಿರುಪಣ್ಣ ತಾನೇ ಕಣ್ಣುಗಳನ್ನು ಕಿತ್ತು ಗೋಡೆಗೆ ಎಸೆದ. ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನು ಈಗಲೂ ತೋರಿಸುತ್ತಾರೆ. ಕಥೆಯೇ ಇರಬಹುದು. ಆದರೆ ಅದನ್ನು ಕಟ್ಟಿದ ಜನರ ಬುದ್ಧಿಗೆ ನಾನು ತಲೆಬಾಗುತ್ತೇನೆ. ಆಜ್ಞೆ ಕೊಟ್ಟ ಅರಸನ ಕೈ ಸ್ವಚ್ಛ, ಆಜ್ಞೆ ಒಯ್ದವನ ಕೈ ಸ್ವಚ್ಛ, ಆಜ್ಞೆಯನ್ನು ಮಾಡಿ ಮುಗಿಸಬೇಕಾಗಿದ್ದವನ ಕೈಯೂ ಸ್ವಚ್ಛವಾಗಿಯೇ ಉಳಿಯಿತು. ಕಲೆ ಉಳಿದದ್ದು ಒಂದು ಗೋಡೆಯ ಮೇಲೆ. ಯಾರ ಕೈಗೂ ಅಂಟದ ರಕ್ತವನ್ನು ಜನ ಗೋಡೆಯಲ್ಲಾದರೂ ಗುರುತಿಟ್ಟುಕೊಂಡರು.

ಈ ಎರಡು ಗಡಿಗಳನ್ನು, ಚಿಲಮತ್ತೂರಿನದನ್ನೂ ನಮ್ಮದನ್ನೂ, ಹೊಲಿದ ಒಬ್ಬ ಅಧಿಕಾರಿಯ ಕಥೆಯನ್ನು ಇಲ್ಲಿ ಹೇಳಬೇಕು. ಥಾಮಸ್ ಮನ್ರೋ 1780ರಲ್ಲಿ ಹದಿನೆಂಟರ ಹುಡುಗನಾಗಿ ಮದರಾಸಿಗೆ ಬಂದ ಕುಂಪಣಿಯ ಸೈನಿಕ. ಟಿಪ್ಪು ಬಿದ್ದ ಮೇಲೆ 1799ರಲ್ಲಿ ಅವನನ್ನು ಕೆನರಾದ ಕಲೆಕ್ಟರನಾಗಿ ಕಳಿಸಿದರು. ಕಾಸರಗೋಡು, ಬೇಕಲ ಎಲ್ಲ ಅದರೊಳಗೆ. ಕುಂಪಣಿಯ ವಿರುದ್ಧ ಎದ್ದ ವಿಟ್ಲದ ಹೆಗ್ಗಡೆಯವರನ್ನು 1800ರಲ್ಲಿ ಗಲ್ಲಿಗೇರಿಸಿದ್ದು ಅವನ ಆಡಳಿತದಲ್ಲೇ. ಅದೇ ವರ್ಷ ನಿಜಾಮನು ಕುಂಪಣಿಗೆ ಬಿಟ್ಟುಕೊಟ್ಟ ದತ್ತಮಂಡಲಕ್ಕೆ ಅವನು ವರ್ಗವಾದ. ಚಿಲಮತ್ತೂರಿನ ಸೀಮೆ ಅದರೊಳಗೆ ಸೇರಿತ್ತು. ಅಲ್ಲಿ ಎಂಬತ್ತರಷ್ಟು ಪಾಳೆಯಗಾರರ ಬಲ ಮುರಿದ. ಆದೋನಿಯ ಕಡೆ ತೆರ್ನೇಕಲ್ಲಿನ ಜನ ಕಂದಾಯಕ್ಕೆ ಎದುರು ನಿಂತಾಗ 1801ರಲ್ಲಿ ಕುಂಪಣಿಯ ದಂಡು ಊರಿನ ಮೇಲೆ ಬಿತ್ತು. ಆಮೇಲೆ ಇದೇ ಮನ್ರೋ ಹೊಲ ಹೊಲ ಅಳೆಸಿ, ರೈತನ ಹೆಸರಿಗೇ ಪಟ್ಟಾ ಮಾಡುವ ಪದ್ಧತಿಯನ್ನು ಬೇರೂರಿಸಿದ. ರಾಯಲಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. ಮದರಾಸಿನ ಗವರ್ನರನಾಗಿದ್ದಾಗ 1827ರ ಜುಲೈಯಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ಆ ಸೀಮೆಯಲ್ಲಿಯೇ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಕಳಿಂಗದಲ್ಲಿ ಲಕ್ಷ ಜನ ಸತ್ತದ್ದಕ್ಕೆ ದೊರೆಯೊಬ್ಬ ಬಾಯಿಬಿಟ್ಟು ಪರಿತಪಿಸಿದ ಮಾತು ಅಲ್ಲಿದೆ. ಮನ್ರೋ ಸತ್ತಾಗ ಆ ಲಿಪಿಯನ್ನು ಓದಬಲ್ಲವರು ಲೋಕದಲ್ಲಿ ಒಬ್ಬರೂ ಇರಲಿಲ್ಲ. ಪ್ರಿನ್ಸೆಪ್ ಅದನ್ನು ಬಿಡಿಸಿದ್ದು 1837ರಲ್ಲಿ.

ಮನ್ರೋ ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಒಳ್ಳೆಯವನೆಂದೇ ಇಟ್ಟುಕೊಳ್ಳೋಣ. ಮಲಬಾರಿನಲ್ಲಿ ಬೇಬರ್ ಇರಲಿಲ್ಲವೇ? 1805ರ ನವೆಂಬರಿನಲ್ಲಿ ಪಳಶ್ಶಿ ರಾಜನನ್ನು ಬೇಟೆಯಾಡಿಸಿದ ಆತನೇ ಆ ಕಳೇಬರವನ್ನು ತನ್ನ ಸ್ವಂತ ಪಲ್ಲಕ್ಕಿಯಲ್ಲಿ ಇರಿಸಿ ಗೌರವದಿಂದ ಸಾಗಿಸಿದ. ರಾಜನ ಚಿನ್ನದ ಕಠಾರಿಯನ್ನು ತಾನು ಇಟ್ಟುಕೊಂಡ. ಸೊಂಟದ ಸರವನ್ನು ಜೊತೆಯ ಕ್ಯಾಪ್ಟನಿಗೆ ಕೊಟ್ಟ. ಎರಡನ್ನೂ ಸಂಕೋಚವಿಲ್ಲದೆ ವರದಿಯಲ್ಲಿ ಬರೆದ. ಪಲ್ಲಕ್ಕಿ ಕೊಟ್ಟದ್ದು ಸುಳ್ಳಲ್ಲ, ಕಠಾರಿ ಇಟ್ಟುಕೊಂಡದ್ದೂ ಸುಳ್ಳಲ್ಲ. ಆಜ್ಞೆ ಮಾಡುವ ಕೈಗೆ ಸೌಜನ್ಯ ಸುಲಭವಾಗುತ್ತದೆ, ಏಕೆಂದರೆ ಒರಟು ಕೆಲಸವನ್ನು ಬೇರೆ ಕೈ ಆಗಲೇ ಮುಗಿಸಿರುತ್ತದೆ.

ಇದಕ್ಕೆ ಎದುರು ವಾದ ಇಲ್ಲದಿಲ್ಲ. ಆಜ್ಞೆಯೇ ಇಲ್ಲದ ದಂಡು ಏನು ಮಾಡೀತು? ಕೋಟೆ ಬಿದ್ದ ರಾತ್ರಿ ಶ್ರೀರಂಗಪಟ್ಟಣದಲ್ಲಿ ಸಿಪಾಯಿಗಳೂ ಸೋಲ್ಜರುಗಳೂ ಮನೆಮನೆಗೆ ನುಗ್ಗಿ ದೋಚಿದರು. ಮರುದಿನ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೆ ಹಾಕಿಸಿದ ಮೇಲೆ ಅದು ನಿಂತಿತು. ನಿಲ್ಲಿಸಿದ್ದೂ ಆಜ್ಞೆಯೇ. ಎತ್ತಿದ ಕತ್ತಿ ಇಳಿಯದೆ ಇದ್ದಾಗ ಉಳಿದ ಪ್ರಾಣಗಳೂ ಇವೆ. ಅವನ್ನು ಯಾರೂ ಲೆಕ್ಕ ಇಟ್ಟಿಲ್ಲ. ಈ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನಿಲ್ಲಿಸಿದ್ದರ ಪುಣ್ಯ ನನ್ನದು ಎನ್ನುವವನು ನಡೆಸಿದ್ದರ ಪಾಪವನ್ನು ಸಿಪಾಯಿಯ ಲೆಕ್ಕಕ್ಕೆ ಹೇಗೆ ಬರೆಯುತ್ತಾನೆ?

ಇಷ್ಟನ್ನು ಬರೆದು ನಿಲ್ಲಿಸಬಹುದಿತ್ತು. ಪರರ ಕತ್ತಿಯ ಬಗ್ಗೆ ಬರೆಯುವುದು ಸುಲಭ. ನನ್ನದನ್ನೂ ಹೇಳಬೇಕಾಗಿದೆ.

ಬಹಳ ವರ್ಷಗಳ ಹಿಂದೆ ನಾನೊಂದು ಶಾಲೆಯಲ್ಲಿ ಕೆಲವು ತಿಂಗಳು ಮುಖ್ಯೋಪಾಧ್ಯಾಯರ ಜಾಗದಲ್ಲಿ ಕೂತಿದ್ದೆ. ಮಧ್ಯಾಹ್ನದ ಊಟದ ಅಕ್ಕಿ ದಾಸ್ತಾನಿನಲ್ಲಿ ಕಡಿಮೆ ಬಂತು. ಅಡುಗೆಯ ಸಹಾಯಕ್ಕೆ ಇದ್ದ ಒಬ್ಬ ಬಡ ಮನುಷ್ಯನ ಮೇಲೆ ಮಾತು ಬಂತು. ತನಿಖೆಯ ಕಾಗದ ನನ್ನ ಮೇಜಿಗೆ ಬಂದಾಗ ಅದರಲ್ಲಿ ಒಂದೇ ಸಾಲು ಇತ್ತು: ಅಕ್ಕಿ ಕಡಿಮೆಯಾದ ದಿನಗಳಲ್ಲಿ ಕೋಣೆಯ ಕೀಲಿ ಇವನ ಕೈಯಲ್ಲಿತ್ತು. ಅದು ನಿಜ. ಇನ್ನಿಬ್ಬರ ಕೈಯಲ್ಲಿಯೂ ಕೀಲಿ ಇತ್ತೆಂಬುದು ನನಗೆ ಗೊತ್ತಿತ್ತು. ಕಾಗದದಲ್ಲಿ ಅದು ಇರಲಿಲ್ಲ, ನಾನು ಸೇರಿಸಲಿಲ್ಲ. ಸಹಿ ಹಾಕಿದೆ. ಆತನನ್ನು ಬಿಡಿಸಿದ್ದು ನಾನಲ್ಲ, ಮೇಲಿನವರು. ಬಿಡಿಸಿದ ಪತ್ರವನ್ನು ಕೊಟ್ಟದ್ದೂ ನಾನಲ್ಲ, ಗುಮಾಸ್ತ. ಎರಡು ವರ್ಷದ ನಂತರ ಬಸ್‌ಸ್ಟ್ಯಾಂಡಿನಲ್ಲಿ ಆತ ಎದುರಾದ. ತಲೆಯ ಮೇಲೆ ಹೊರೆ ಇತ್ತು. ಹೊರೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, "ನಮಸ್ಕಾರ ಮಾಷೇ, ಸುಖವಲ್ಲವಾ?" ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ; ಆ ಸಾಲಿನ ಕೆಳಗೆ ಯಾರ ಸಹಿ ಇತ್ತೆಂದು ಅವನಿಗೆ ಗೊತ್ತಿರಲಿಲ್ಲ. ಸುಖ ಎಂದೆ. ಬಸ್ಸು ಬಂತು.

ನನ್ನ ಪೆನ್ನು ಈಗಲೂ ನನ್ನ ಮನೆಯಲ್ಲಿದೆ. ಶಾಲೆಯಿಂದ ನಿವೃತ್ತನಾದಾಗ ಕೊಟ್ಟ ಶಾಲು, ಫಲಕಗಳ ಪಕ್ಕದಲ್ಲಿ. ಸರಸ್ವತೀಪೂಜೆಯ ದಿನ ಪುಸ್ತಕಗಳ ಮೇಲೆ ಅದನ್ನಿಟ್ಟು ಹೂವಿಡುತ್ತೇವೆ.

ಈಗ ಚಿಲಮತ್ತೂರಿನ ಹುಡುಗನ ಪ್ರಶ್ನೆಗೆ ಬರುತ್ತೇನೆ. ಕಬ್ಬಿಣಕ್ಕೆ ಪಾಪವಿಲ್ಲ ಎಂದು ಅವನು ಹೇಳಿದ್ದು ಸರಿ. ಪಾಪವಿಲ್ಲದ ಕಬ್ಬಿಣಕ್ಕೆ ಪುಣ್ಯವೂ ಇರಲಾರದು. ಹಾಗಿದ್ದರೆ ವ್ಯಾಪಾರಿ ಅಷ್ಟು ಹಣ ಕೊಡಲು ಸಿದ್ಧನಾದದ್ದು ಯಾತಕ್ಕೆ? ಆ ತೂಕದ ಉಕ್ಕು ಗುಜರಿಯಲ್ಲಿ ಎಷ್ಟಕ್ಕೆ ಹೋದೀತು? ಉಳಿದ ಹಣವೆಲ್ಲ ಕಥೆಗೆ. ಅಜ್ಜಿಯ ಕಥೆ ಹೇಳಿದರೆ ಹೆಚ್ಚು ಸಿಗುತ್ತದೆ, ಸೊಸೆ ಹೇಳಿದ ಕಥೆಗೆ ಕಡಿಮೆ. ವ್ಯಾಪಾರಿ ಆ ಹೆಚ್ಚಿನದನ್ನೇ ಬರೆದುಕೊಂಡು ಹೋಗಿದ್ದಾನೆ. ಮಾರುವುದು ತಪ್ಪಲ್ಲ, ನೀರು ಬೇಕು, ಮಕ್ಕಳು ಓದಬೇಕು. ಸುಳ್ಳೆಂದು ಗೊತ್ತಾದ ಕಥೆಯ ಬೆಲೆಗೆ ಮಾರುವುದು ತಪ್ಪು. ಇಷ್ಟನ್ನು ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ.

ಇಟ್ಟುಕೊಳ್ಳುವುದಾದರೆ? ಅಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ನಮ್ಮ ಕಡೆ ದೈವದ ಕಡ್ತಲೆ ಗುತ್ತಿನ ಮನೆಯಲ್ಲಿದ್ದರೂ ಮನೆಯವರದ್ದಲ್ಲ. ಅವರು ಅದನ್ನು ಕಾಯುವವರು ಮಾತ್ರ. ಅದನ್ನು ಎತ್ತುವಾಗ ದೈವದ ಪಾಡ್ದನವೂ ಬರುತ್ತದೆ. ಪಾಡ್ದನದಲ್ಲಿ ಗೆದ್ದ ಕಥೆ ಇರುವ ಹಾಗೆಯೇ ಮೋಸದಿಂದ ಸತ್ತ ಕಥೆ, ಅನ್ಯಾಯವಾಗಿ ಕೊಂದ ಕಥೆಯೂ ಇರುತ್ತದೆ. ಕೊಂದವರ ವಂಶದವರೇ ಕೈಮುಗಿದು ನಿಂತು ಅದನ್ನು ಕೇಳಬೇಕಾಗುವುದೂ ಉಂಟು. ಚಿಲಮತ್ತೂರಿನ ಮಣೆಯ ಮೇಲಿನ ಕತ್ತಿಗೆ ಅಂಥ ಪಾಡ್ದನ ಇಲ್ಲ. ಮೂರು ಕಥೆಗಳನ್ನೂ, 1796ರ ಲೆಕ್ಕವನ್ನೂ, ಎತ್ತುಗಳು ಏನನ್ನು ಎಳೆದವೆಂಬುದನ್ನೂ ಒಂದು ಕಾಗದದಲ್ಲಿ ಬರೆದು ಆ ರೇಷ್ಮೆಯ ಬಟ್ಟೆಯೊಳಗೆ ಇಟ್ಟರೆ ಹೇಗೆ ಎಂದು ನನಗೆ ಅನ್ನಿಸುತ್ತದೆ. ಆದರೆ ಅದನ್ನು ಬರೆದರೆ ಅಜ್ಜಿಯ ಮಾವನ ತಾತನ ಹಿರೀಕರು ವೀರರಾಗಿ ಉಳಿಯುವುದಿಲ್ಲ.

ಅಜ್ಜಿಗೆ ಹೇಳಲು ನನಗೆ ಒಂದು ಅವಕಾಶ ಸಿಕ್ಕಿತ್ತು. ಹೊರಡುವ ಬೆಳಿಗ್ಗೆ, ಕತ್ತಿಯನ್ನು ಎಣ್ಣೆ ಹಚ್ಚಿ ಒರೆಸಿ ಮತ್ತೆ ಬಟ್ಟೆ ಸುತ್ತುವಾಗ, ಅವರು ತಲೆಯೆತ್ತಿ ಕೇಳಿದರು: "ಮೇಷ್ಟ್ರೇ, ಇದು ಎಷ್ಟು ಜನಾನ ಕಡಿದಿರಬೈದು?"

ಆಗಿನ್ನೂ ನನಗೆ ಪುಸ್ತಕಗಳ ಲೆಕ್ಕ ತಿಳಿದಿರಲಿಲ್ಲ. ಆದರೂ ಆ ಸಪೂರ ಅಲಗಿನ ಬಾಯಿಯಲ್ಲಿ ಒಂದು ಕಚ್ಚೂ ಕಾಣದೆ, "ಯಾರನ್ನೂ ಕಡಿದ ಹಾಗೆ ಕಾಣುವುದಿಲ್ಲಮ್ಮ" ಎಂದೆ.

ಅಜ್ಜಿ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಅವರಿಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ನನಗೆ ತಿಳಿಯಲಿಲ್ಲ. "ಅಂಗಾರೆ ಆ ದೊರೆ ಇದನ್ನ ಇಟ್ಕೊಂಡು ಏನು ಮಾಡ್ತಿದ್ದ?" ಎಂದರು. ಅಷ್ಟರಲ್ಲಿ ಹೊರಗೆ ಆಟೋ ಬಂದು ನಿಂತಿತು. ಹಿಂದೂಪುರದ ರೈಲಿಗೆ ಹೊತ್ತಾಗುತ್ತಿತ್ತು.

ಅಳಿಯನಿಗೆ ತೆಲುಗು ಸರಾಗ, ಕನ್ನಡದ ಓದು ನಿಧಾನ. ಈ ಸಂಚಿಕೆ ಅಚ್ಚಾದ ಮೇಲೆ ಒಂದು ಪ್ರತಿ ಕಳಿಸುತ್ತೇನೆ. ಗೆಳೆಯರ ಮಗಳು ಓದಿ ಹೇಳಬಹುದು. ಅಜ್ಜಿ ಕೇಳಿಸಿಕೊಳ್ಳುವ ಹಾಗೆ ಓದಬೇಕೋ ಬೇಡವೋ ಎಂಬುದನ್ನು ಅವಳಿಗೇ ಬಿಟ್ಟಿದ್ದೇನೆ.